ಹಾಥಾರ್ನಿನಲ್ಲಿ ಕೇಳಿದ ಮಾತು

ಷಿಕಾಗೋ ನಗರದ ಅಂಚಿಗೆ ಹೊಂದಿಕೊಂಡ ಸಿಸೆರೋ ಪಟ್ಟಣದಲ್ಲಿ, ಟೆಲಿಫೋನ್ ಉಪಕರಣಗಳನ್ನು ನಿರ್ಮಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯು, ದೀಪದ ಬೆಳಕಿಗೂ ಉತ್ಪತ್ತಿಗೂ ಇರುವ ಸಂಬಂಧವನ್ನು ಅರಸಹೊರಟ ಪ್ರಯೋಗಗಳಿಂದ ಲೋಕಪ್ರಸಿದ್ಧವಾಗಿದೆ. ಆದರೆ 1928ರ ಸೆಪ್ಟೆಂಬರಿನಲ್ಲಿ ಅಲ್ಲಿ ಆರಂಭವಾದ ಸಂದರ್ಶನಕಾರ್ಯವು, ನನ್ನ ಎಣಿಕೆಯಲ್ಲಿ, ಅವೆಲ್ಲಕ್ಕಿಂತ ಗಹನವಾದುದು. ಕೆಲಸಗಾರನ ಯೋಗ್ಯತೆಯನ್ನು ಮೇಲ್ವಿಚಾರಕನು ಅಳೆಯುವುದು ಕಾರ್ಖಾನೆಗಳ ಹಳೆಯ ವಾಡಿಕೆ. ಮೇಲ್ವಿಚಾರಕನನ್ನು ಕುರಿತು ಕೆಲಸಗಾರನು ಏನೆನ್ನುವನೆಂದು ಕೇಳಿ, ಅದನ್ನು ಸಾಧ್ಯವಾದಷ್ಟು ಅವನ ಮಾತಿನಲ್ಲಿಯೇ ಬರೆದಿಡುವುದು ಅಂದು ಅಪೂರ್ವವಾಗಿತ್ತು.

ಮೊದಲು, ತಯಾರಾದ ಸರಕನ್ನು ಪರೀಕ್ಷಿಸುವ ವಿಭಾಗದ ಸುಮಾರು 1600 ಮಂದಿಯನ್ನು, ಮೇಲ್ವಿಚಾರಣೆ, ಕೆಲಸದ ಪರಿಸರ, ಕೆಲಸ ಎಂಬ ಮೂರು ವಿಷಯಗಳಲ್ಲಿ ಅವರಿಗೆ ಹಿಡಿಸಿದುದೇನು, ಹಿಡಿಸದುದೇನು ಎಂದು ಪ್ರಶ್ನಿಸಲಾಯಿತು. ಸಂದರ್ಶಕರು ಮೇಲ್ವಿಚಾರಕವರ್ಗದಿಂದಲೇ ಆರಿಸಲ್ಪಟ್ಟವರಾದರೂ, ಯಾರೂ ತಮ್ಮ ಕೈಕೆಳಗಿನವರನ್ನು ಕೇಳುವಂತಿರಲಿಲ್ಲ. ಹೇಳಿದವರ ಗುರುತು ದಾಖಲೆಯಲ್ಲಿ ಉಳಿಯುವಂತೆಯೂ ಇರಲಿಲ್ಲ. ಅನ್ನ ಕೊಡುವ ಕೈಯ ವಿಷಯವಾಗಿ ಬಾಯಿ ಬಿಡುವವನಿಗೆ ಈ ಎರಡು ಕಟ್ಟಳೆಗಳು ಎಷ್ಟು ದೊಡ್ಡ ರಕ್ಷೆಯೆಂಬುದನ್ನು ದುಡಿದವರೇ ಬಲ್ಲರು. ಹೀಗೆ ಸಂಗ್ರಹವಾದ ಮಾತುಗಳು ಮೇಲ್ವಿಚಾರಕರ ಶಿಕ್ಷಣಗೋಷ್ಠಿಗಳಲ್ಲಿ ಚರ್ಚೆಗೆ ಬಂದುವು; ತಮ್ಮ ನಡತೆಯನ್ನು ಕುರಿತು ವಿಚಾರಣೆ ನಡೆದಿದೆಯೆಂಬ ಅರಿವೊಂದೇ ಅನೇಕರ ಮೇಲ್ವಿಚಾರಣೆಯನ್ನು ತಿದ್ದಿತೆಂದು ಸಂಶೋಧಕರು ಗ್ರಹಿಸಿದರು. 1930ರ ವೇಳೆಗೆ ಸಂದರ್ಶನಗಳ ಸಂಖ್ಯೆ 21,000ವನ್ನು ಮೀರಿತ್ತು.

ಆದರೆ ನಡುವೆ, 1929ರ ಬೇಸಗೆಯಲ್ಲಿ, ಪದ್ಧತಿಯೇ ಬದಲಾಗಿತ್ತು. ನಿಯತವಾದ ಪ್ರಶ್ನೆಗಳಿಗೆ ನಿಲ್ಲದೆ ಜನರ ಮಾತು ಬೇರೆಡೆಗೆ ಹರಿಯುತ್ತಿದ್ದುದನ್ನು ಕಂಡು, ಅವರಿಗೆ ತೋಚಿದುದನ್ನೇ ಹೇಳಬಿಟ್ಟು ತಾಳ್ಮೆಯಿಂದ ಕೇಳುವ ಕ್ರಮವನ್ನು ಅನುಸರಿಸಲಾಯಿತು. ಅರ್ಧ ಗಂಟೆಯ ಸಂಭಾಷಣೆ ಒಂದೂವರೆ ಗಂಟೆಯವರೆಗೆ ಬೆಳೆಯಿತು. ಹಾರ್ವರ್ಡಿನ ಎಲ್ಟನ್ ಮೇಯೋ ಮತ್ತು ಅವರ ಸಹೋದ್ಯೋಗಿಗಳು ಆ ಮಾತುಗಳಲ್ಲಿ ಆಡಿದವನ ಮನೆಯ ಚಿಂತೆ, ಮನಸ್ಸಿನ ಕಳವಳಗಳನ್ನು ಓದತೊಡಗಿದರು. 1939ರಲ್ಲಿ ಮೇಯೋ ಅವರ ಸಹೋದ್ಯೋಗಿ ರಾಥ್ಲಿಸ್‌ಬರ್ಗರ್ ಮತ್ತು ಕಂಪನಿಯವರೇ ಆದ ಡಿಕ್ಸನ್ ಪ್ರಕಟಿಸಿದ ಬೃಹದ್ಗ್ರಂಥವು, ದೂರನ್ನು ಸಂಗತಿಯೆಂದು ಎಣಿಸದೆ ಭಾವನೆಯ ಲಕ್ಷಣವೆಂದು ತಿಳಿಯಬೇಕೆಂಬ ವಾದವನ್ನು ವಿಸ್ತಾರವಾಗಿ ಮಂಡಿಸಿತು. ಈ ದೃಷ್ಟಿಯಲ್ಲಿ ಕರುಣೆಯುಂಟು, ಸೂಕ್ಷ್ಮತೆಯೂ ಉಂಟು. ಆದರೂ, ಮೇಲ್ವಿಚಾರಕನು ನಿಜವಾಗಿ ಪಕ್ಷಪಾತಿಯಾಗಿದ್ದಲ್ಲಿ, ಆ ಅನ್ಯಾಯವು ಅದನ್ನು ಅನುಭವಿಸಿದವನ ಮನೋವ್ಯಾಧಿಯೆಂದು ಪರಿಗಣಿತವಾಗುವ ಅಪಾಯ ಇಲ್ಲಿ ಸ್ಪಷ್ಟವಾಗಿದೆ, ಮತ್ತು ಅದನ್ನು ಲಘುವಾಗಿ ಕಾಣಲು ನನ್ನಿಂದಾಗದು.

ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಸಂದರ್ಶನಗಳು ನಿಂತುವು. 1936ರಲ್ಲಿ ಅದೇ ಕಾರ್ಖಾನೆಯಲ್ಲಿ ಸಲಹೆಗಾರರ ವ್ಯವಸ್ಥೆಯೊಂದು ಆರಂಭವಾಗಿ ಇಪ್ಪತ್ತು ವರ್ಷ ನಡೆಯಿತು. ಯಂತ್ರಗಳ ನಡುವೆ ಓಡಾಡುತ್ತ ಕೆಲಸಗಾರರ ಕಷ್ಟಸುಖಗಳನ್ನು ಆಲಿಸುವುದು ಅವರ ಕರ್ತವ್ಯವಾಗಿತ್ತು, ಕೇಳಿದ ದೂರನ್ನು ಪರಿಹರಿಸುವ ಅಧಿಕಾರ ಮಾತ್ರ ಅವರಿಗೆ ಇರಲಿಲ್ಲ.