ಅಂಗಳಕ್ಕೆ ಬಂದ ಮಂಗನಿಗೆ ಬಾಳೆಹಣ್ಣು ಕೊಟ್ಟು ಫೋಟೊ ತೆಗೆಯಬಹುದೇ? ಮಲೆನಾಡಿನವರು ತಿಳಿದಿರಬೇಕಾದ ಸಂಗತಿಗಳು

"ಬೇಸಿಗೆ ಬಂತು. ಕಾಡಿನಲ್ಲಿ ಪ್ರಾಣಿಗಳಿಗೆ ತಿನ್ನಲು ಏನೂ ಇಲ್ಲ. ನಿಮ್ಮ ಮನೆ ಹತ್ತಿರ ಬರುವ ಮಂಗಗಳಿಗೆ ಹಣ್ಣು, ಅನ್ನ ಇಡಿ. ಪುಣ್ಯ ಬರುತ್ತದೆ. ಹತ್ತು ಜನರಿಗೆ ಕಳಿಸಿ."

ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಜೊತೆಗೆ ಒಂದು ವಿಡಿಯೊ ಇರುತ್ತದೆ. ಮಂಗವೊಂದು ಜಗಲಿಯ ಮೇಲೆ ಕೂತು ಮನೆಯವರ ಕೈಯಿಂದಲೇ ಬಾಳೆಹಣ್ಣು ತೆಗೆದುಕೊಳ್ಳುತ್ತದೆ, ಪಕ್ಕದಲ್ಲಿ ನಿಂತ ಮಗು ನಗುತ್ತದೆ. ನೋಡಲು ಚೆನ್ನಾಗಿರುತ್ತದೆ. ನಮ್ಮಲ್ಲೂ ಹಿಂದೆ ಹಾಗೆ ಹಣ್ಣು ಕೊಟ್ಟು ಫೋಟೊ ತೆಗೆದವರಿದ್ದೇವೆ.

ಆದರೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಅಂಗಳಕ್ಕೆ ಬಂದ ಕಾಡುಪ್ರಾಣಿಯನ್ನು ನೋಡಬಹುದು, ದೂರದಿಂದ ಫೋಟೊ ತೆಗೆಯಬಹುದು. ತಿನ್ನಲು ಕೊಡಬಾರದು. ಈ ಮಾತು ಎಲ್ಲ ಊರಿಗೂ ಸರಿ. ತೀರ್ಥಹಳ್ಳಿ, ಹೊಸನಗರ, ಸಾಗರದವರಿಗೆ ಮಾತ್ರ ಇದು ಜೀವದ ಪ್ರಶ್ನೆಯೂ ಹೌದು. ಯಾಕೆ ಎಂದು ಒಂದೊಂದಾಗಿ ನೋಡೋಣ.

ಕಾಡಿನಲ್ಲಿ ನಿಜವಾಗಿಯೂ ತಿನ್ನಲು ಏನೂ ಇಲ್ಲವೇ?

ಮಲೆನಾಡಿನ ಮನೆಗಳ ಸುತ್ತ ಸಾಮಾನ್ಯವಾಗಿ ಕಾಣುವ ಮಂಗಗಳು ಎರಡು. ಒಂದು ಕಂದು ಮೈಯ, ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕೂದಲಿರುವ ಮಂಗ. ಇನ್ನೊಂದು ಕಪ್ಪು ಮುಖದ, ಉದ್ದ ಬಾಲದ ಮುಸಿಯ. ಎರಡರ ಹೊಟ್ಟೆಯೂ ಒಂದೇ ತರಹದ್ದಲ್ಲ.

ಮುಸಿಯ ಮುಖ್ಯವಾಗಿ ಎಲೆ, ಚಿಗುರು, ಕಾಯಿ ತಿನ್ನುವ ಪ್ರಾಣಿ. ಅದರ ಹೊಟ್ಟೆಯಲ್ಲಿ ಹಸುವಿನ ಹೊಟ್ಟೆಯಂತೆಯೇ ಬೇರೆ ಬೇರೆ ಕೋಣೆಗಳಿವೆ. ಅಲ್ಲಿರುವ ಸೂಕ್ಷ್ಮಜೀವಿಗಳು ಎಲೆಯನ್ನು ನಿಧಾನವಾಗಿ ಹುಳಿಸಿ ಅರಗಿಸುತ್ತವೆ. ಬಿಸ್ಕತ್ತು, ಬ್ರೆಡ್, ಸಿಹಿತಿಂಡಿ ಒಮ್ಮೆಲೇ ಒಳಗೆ ಹೋದರೆ ಆ ವ್ಯವಸ್ಥೆ ಕೆಡುತ್ತದೆ. ಅತಿಯಾಗಿ ಅಕ್ಕಿ ತಿಂದ ಹಸು ಹೊಟ್ಟೆ ಉಬ್ಬರಿಸಿಕೊಂಡು ಒದ್ದಾಡುವುದನ್ನು ಕೊಟ್ಟಿಗೆ ಇರುವ ಮನೆಯವರು ನೋಡಿರುತ್ತೀರಿ. ಅದೇ ಲೆಕ್ಕ.

ಕಂದು ಮಂಗ ಎಲ್ಲವನ್ನೂ ತಿನ್ನುತ್ತದೆ. ಹಣ್ಣು, ಬೀಜ, ಹೂವು, ಕೀಟ, ಜೇಡ ಎಲ್ಲವೂ ಸೈ. ಕೆನ್ನೆಯ ಒಳಗಿನ ಚೀಲದಲ್ಲಿ ಹಣ್ಣು ತುಂಬಿಕೊಂಡು ದೂರ ಹೋಗಿ, ಅಲ್ಲಿ ತಿಂದು ಬೀಜ ಉಗುಳುತ್ತದೆ. ಕಾಡಿನ ಎಷ್ಟೋ ಮರಗಳು ಹೀಗೆ ಹೊಸ ಜಾಗಕ್ಕೆ ಹರಡುತ್ತವೆ. ದಿನವೂ ಒಂದೇ ಅಂಗಳದಲ್ಲಿ ಹೊಟ್ಟೆ ತುಂಬಿದರೆ ಅದು ಅಷ್ಟು ದೂರ ಯಾಕೆ ಅಲೆಯುತ್ತದೆ?

ಕಾಡು ಕಡಿಮೆಯಾಗಿರುವುದು, ಹಣ್ಣಿನ ಮರಗಳಿದ್ದ ಕಡೆ ಅಕೇಶಿಯಾ ನೆಡುತೋಪು ಬಂದಿರುವುದು ನಿಜ. ಆದರೆ ಅದಕ್ಕೆ ಪರಿಹಾರ ತಟ್ಟೆಯಲ್ಲಿಟ್ಟ ಬಾಳೆಹಣ್ಣಲ್ಲ. ಸುಲಭವಾಗಿ ಊಟ ಸಿಗುವ ಕಡೆ ಮಂಗಗಳ ಗುಂಪು ಬೆಳೆಯುತ್ತದೆ, ಮನುಷ್ಯರ ಭಯ ಹೋಗುತ್ತದೆ. ನಿಮ್ಮ ಅಂಗಳದಿಂದ ಹೊರಟ ಗುಂಪು ಮುಂದೆ ಹೋಗುವುದು ಪಕ್ಕದ ಮನೆಯವರ ಬಾಳೆ, ಏಲಕ್ಕಿ, ಎಳೆ ಅಡಿಕೆಗೆ. ಪುಣ್ಯ ನಿಮ್ಮದು, ನಷ್ಟ ಅವರದು.

ಮಂಗ ಹಲ್ಲು ಕಿರಿದರೆ ನಗುತ್ತಿದೆ ಎಂದರ್ಥವೇ?

ಅಲ್ಲ. "ನೋಡಿ, ಸೆಲ್ಫಿಗೆ ಹೇಗೆ ನಗುತ್ತಿದೆ" ಎಂದು ಬರೆದಿರುವ ಎಷ್ಟೋ ಫೋಟೊಗಳಲ್ಲಿ ಆ ಮಂಗ ಹೆದರಿರುತ್ತದೆ ಅಥವಾ ಹೆದರಿಸುತ್ತಿರುತ್ತದೆ. ಕಣ್ಣಿಗೆ ಕಣ್ಣಿಟ್ಟು ನೋಡುವುದೂ ಅವುಗಳ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ. ಮುಖದ ಹತ್ತಿರ ಹಿಡಿದ ಮೊಬೈಲನ್ನೂ ಅದು ಹಾಗೆಯೇ ತಿಳಿಯಬಹುದು.

ಕೈಯಲ್ಲಿ ಹಣ್ಣು ಹಿಡಿದು ಹತ್ತಿರ ಕರೆದು, ಫೋಟೊ ಸರಿ ಬರಲಿ ಎಂದು ಹಣ್ಣನ್ನು ಹಿಂದಕ್ಕೆ ಎಳೆದಾಗ ಕಚ್ಚುವುದು, ಪರಚುವುದು ನಡೆಯುತ್ತದೆ. ಮಕ್ಕಳು ಮಂಗನ ಮುಖದ ಎತ್ತರಕ್ಕೇ ಇರುವುದರಿಂದ ಅವರಿಗೆ ಅಪಾಯ ಹೆಚ್ಚು.

ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಅರಿಶಿನ, ಸುಣ್ಣ ಹಚ್ಚಬೇಡಿ. ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ಗಾಯ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುವ ಕಾಯಿಲೆಯಲ್ಲ, ಮಂಗ ಕಚ್ಚಿದಾಗಲೂ ಲಸಿಕೆ ಬೇಕೇ ಎಂದು ವೈದ್ಯರೇ ನಿರ್ಧರಿಸಬೇಕು.

ಮಂಗನ ಕಾಯಿಲೆಗೂ ಅಂಗಳದ ತಟ್ಟೆಗೂ ಏನು ಸಂಬಂಧ?

ಮಲೆನಾಡಿಗೆ ಬಹಳ ಮುಖ್ಯವಾದ ವಿಷಯ ಇದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳ ಜನರಿಗೆ ತೀವ್ರ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಜಗತ್ತಿಗೆ ಅದುವರೆಗೆ ಗೊತ್ತಿಲ್ಲದ ವೈರಸ್ ಸಿಕ್ಕಿತು. ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ಕೆಎಫ್‌ಡಿ ಎಂದರೆ ಕ್ಯಾಸನೂರು ಫಾರೆಸ್ಟ್ ಡಿಸೀಸ್. ನಮ್ಮ ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಹಲವರ ಜೀವ ತೆಗೆದುಕೊಂಡಿತು. ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳಿಗೂ ಇದು ಹೊಸದಲ್ಲ.

ಹೆಸರಿನಿಂದಾಗಿ ಒಂದು ತಪ್ಪು ಕಲ್ಪನೆ ಬೆಳೆದಿದೆ. ಈ ಕಾಯಿಲೆ ಮನುಷ್ಯರಿಗೆ ಹರಡುವುದು ಮುಖ್ಯವಾಗಿ ಮಂಗನಿಂದಲ್ಲ, ಉಣುಗಿನಿಂದ. ಕೆಲವರು ಉಣ್ಣಿ ಎನ್ನುವ, ದನದ ಮೈಮೇಲೆ ಕಾಣುವ ಜೀವಿಯ ಜಾತಿಯೇ ಇದು. ಕಾಡಿನ ಇಲಿ, ಅಳಿಲಿನಂಥ ಸಣ್ಣ ಪ್ರಾಣಿಗಳಲ್ಲೂ ಉಣುಗುಗಳಲ್ಲೂ ವೈರಸ್ ಉಳಿದುಕೊಂಡಿರುತ್ತದೆ. ಸೋಂಕಿನ ಉಣುಗು ಮಂಗವನ್ನು ಕಚ್ಚಿದರೆ ಮಂಗಕ್ಕೂ ಕಾಯಿಲೆ ಬರುತ್ತದೆ. ಅದರ ರಕ್ತದಲ್ಲಿ ವೈರಸ್ ಹೆಚ್ಚುತ್ತದೆ, ಆಗ ಅದರ ಮೈಮೇಲಿರುವ ಉಳಿದ ಉಣುಗುಗಳಿಗೂ ಸೇರುತ್ತದೆ.

ಇನ್ನು ಅಂಗಳದ ವಿಷಯಕ್ಕೆ ಬರೋಣ. ಉಣುಗಿನ ಮರಿ ಮಂಗನ ರಕ್ತ ಹೀರಿ ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಉದುರುತ್ತದೆ. ಅಲ್ಲೇ ಎಲೆ, ಹುಲ್ಲಿನ ನಡುವೆ ಪೊರೆ ಬಿಟ್ಟು ಮುಂದಿನ ಹಂತಕ್ಕೆ ಬೆಳೆಯುತ್ತದೆ. ಸಾಸಿವೆ ಕಾಳಿಗಿಂತ ದೊಡ್ಡದಿಲ್ಲದ ಈ ಎಳೆಯ ಉಣುಗೇ ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು. ಮಂಗಗಳ ಗುಂಪು ದಿನವೂ ಒಂದೇ ಜಾಗದಲ್ಲಿ ಕೂತರೆ ಅವುಗಳ ಮೈಯ ಉಣುಗು ಉದುರುವುದೂ ಅದೇ ಜಾಗದಲ್ಲಿ. ಕಾಡಿನ ಒಳಗೆ ಎಲ್ಲೋ ಉದುರಬೇಕಾದದ್ದನ್ನು ಮಕ್ಕಳು ಆಡುವ ಅಂಗಳದ ಅಂಚಿಗೆ, ಕೊಟ್ಟಿಗೆಯ ಹಿಂಭಾಗಕ್ಕೆ ನಾವೇ ಕರೆದಂತಾಗುತ್ತದೆ. ಡಿಸೆಂಬರ್‌ನಿಂದ ಮೇ ತನಕ ಈ ಎಳೆಯ ಉಣುಗುಗಳ ಕಾಲ. "ಮಂಗಗಳಿಗೆ ಹಣ್ಣಿಡಿ" ಎಂಬ ಸಂದೇಶ ಓಡಾಡುವ ಬೇಸಿಗೆ ಬರುವುದೂ ಇದರೊಳಗೇ.

ಎಲ್ಲ ಮಂಗಗಳ ಮೈಮೇಲೂ ಸೋಂಕಿನ ಉಣುಗು ಇದೆ ಎಂದು ನಾವು ಹೇಳುತ್ತಿಲ್ಲ. ಯಾವುದರ ಮೇಲಿದೆ ಎಂದು ನೋಡಿ ತಿಳಿಯಲಾಗದು ಎಂಬುದೇ ತೊಂದರೆ.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು, ವಾಂತಿ ಶುರುವಾಗುತ್ತದೆ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ ಬರುತ್ತದೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ನಂತರ ಮತ್ತೆ ಮರುಕಳಿಸುತ್ತದೆ. ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಈ ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲ. ಹಿಂದೆ ಹಾಕುತ್ತಿದ್ದ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಲಾಯಿತು. ಬೇಗ ಆಸ್ಪತ್ರೆ ಸೇರಿದರೆ ಬದುಕುವ ಅವಕಾಶ ಹೆಚ್ಚು. ಒಂದು ಸಮಾಧಾನದ ಸಂಗತಿಯೆಂದರೆ ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕಾಯಿಲೆ ಬಂದವರ ಮನೆಯನ್ನು ದೂರ ಇಡಬೇಕಾಗಿಲ್ಲ.

ಮಂಗ ಸತ್ತು ಬಿದ್ದಿದ್ದರೆ ಏನು ಮಾಡಬೇಕು?

ನಮ್ಮಲ್ಲಿ ಮಂಗ ಸತ್ತರೆ ಹನುಮಂತನ ರೂಪವೆಂದು ಅರಿಶಿನ, ಕುಂಕುಮ ಹಚ್ಚಿ, ಹೂ ಹಾಕಿ ಮಣ್ಣು ಮಾಡುವ ಊರುಗಳಿವೆ. ಅದರ ಹಿಂದಿನ ಭಾವನೆಯನ್ನು ನಾವು ಗೌರವಿಸುತ್ತೇವೆ. ಆದರೆ ಮಂಗನ ಕಾಯಿಲೆ ಇರುವ ಪ್ರದೇಶದಲ್ಲಿ ಸತ್ತ ಮಂಗನ ಹತ್ತಿರ ಹೋಗುವುದೇ ಅಪಾಯ. ದೇಹ ತಣ್ಣಗಾದ ಮೇಲೆ ಅದರ ಮೈಮೇಲಿನ ಉಣುಗುಗಳು ಇಳಿದು ಹೊಸ ಜೀವ ಹುಡುಕುತ್ತವೆ. ಫೋಟೊ ತೆಗೆಯಲು ಸುತ್ತ ನಿಂತವರ ಕಾಲುಗಳೇ ಅವಕ್ಕೆ ಹತ್ತಿರದ ದಾರಿ.

ಮುಟ್ಟಬೇಡಿ, ಎಳೆದು ಹಾಕಬೇಡಿ, ಮಕ್ಕಳನ್ನೂ ದನಗಳನ್ನೂ ಆ ಕಡೆ ಬಿಡಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ, ಗ್ರಾಮ ಪಂಚಾಯಿತಿ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆ 1926. ಮಂಗನ ಸಾವು ಆ ಜಾಗದಲ್ಲಿ ವೈರಸ್ ಇರಬಹುದು ಎಂಬ ಮೊದಲ ಎಚ್ಚರಿಕೆ. ನೀವು ಮಾಡುವ ಒಂದು ಫೋನ್ ಕರೆಯಿಂದ ಇಡೀ ಊರಿಗೆ ಮುನ್ಸೂಚನೆ ಸಿಗಬಹುದು.

ಹಾಗಾದರೆ ಮಂಗಗಳನ್ನು ಓಡಿಸಿ, ಕೊಂದು ಹಾಕಬೇಕೇ?

ಬೇಡ. ಇದು ಇನ್ನೊಂದು ತುದಿಯ ತಪ್ಪು. ಮಂಗ ಈ ಕಾಯಿಲೆಯನ್ನು ಹುಟ್ಟಿಸಿದ್ದಲ್ಲ, ಅದೂ ನಮ್ಮಂತೆಯೇ ಇದರಿಂದ ಸಾಯುವ ಪ್ರಾಣಿ. ಕಂದು ಮಂಗ ದಕ್ಷಿಣ ಭಾರತದಲ್ಲಿ ಬಿಟ್ಟು ಜಗತ್ತಿನ ಬೇರೆಲ್ಲೂ ಸಹಜವಾಗಿ ಇಲ್ಲ. ಎಲ್ಲೆಲ್ಲೂ ಕಾಣುತ್ತದೆ ಎನಿಸಿದರೂ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಪಾಯದ ಅಂಚಿನಲ್ಲಿರುವ ಪ್ರಾಣಿ. ಹಿಡಿದು ಬೇರೆ ಕಾಡಿಗೆ ಬಿಟ್ಟರೆ ತೊಂದರೆಯೂ ಅದರ ಜೊತೆಗೇ ಬೇರೆ ಊರಿಗೆ ಹೋಗುತ್ತದೆ.

ಹಾವಿಗೆ ಹಾಲಿಡುವ ವಿಡಿಯೊಗಳ ಕಥೆ?

ಹಾವಿಗೆ ಹಾಲು ಆಹಾರವಲ್ಲ. ದಿನಗಟ್ಟಲೆ ನೀರು ಸಿಗದ ಹಾವು ಕೆಲವೊಮ್ಮೆ ಹಾಲನ್ನೂ ಕುಡಿಯುತ್ತದೆ ಅಷ್ಟೆ. ಆಗುಂಬೆ ಸೀಮೆಯಲ್ಲಿ ತೋಟಕ್ಕೆ, ಕೊಟ್ಟಿಗೆಗೆ ಬರುವ ಕಾಳಿಂಗ ಸರ್ಪದ ಮುಖ್ಯ ಆಹಾರ ಬೇರೆ ಹಾವುಗಳು. ನಮ್ಮ ಪಶ್ಚಿಮ ಘಟ್ಟದ ಕಾಳಿಂಗವೇ ಒಂದು ಪ್ರತ್ಯೇಕ ಪ್ರಭೇದ ಎಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ, ಅದರ ವೈಜ್ಞಾನಿಕ ಹೆಸರಿನಲ್ಲಿ ಕನ್ನಡದ 'ಕಾಳಿಂಗ' ಪದವನ್ನೇ ಉಳಿಸಿದ್ದಾರೆ. ಹೆಮ್ಮೆಪಡೋಣ, ಆದರೆ ಹತ್ತಿರ ಹೋಗಿ ಸೆಲ್ಫಿ ತೆಗೆಯುವುದು ಬೇಡ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಸಾಮಾನ್ಯ ವಿಷನಿರೋಧಕವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಕಾಳಿಂಗ ಆ ಪಟ್ಟಿಯಲ್ಲಿಲ್ಲ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬಲೆ ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು ಕೂಡ ಆ ವ್ಯಾಖ್ಯಾನದೊಳಗೆ ಬರುತ್ತವೆ. ಹಕ್ಕಿಗೆ ನೀರಿಟ್ಟವರನ್ನೆಲ್ಲ ಬೇಟೆಗಾರರೆಂದು ಹಿಡಿಯುತ್ತಾರೆ ಎಂದು ಇದರರ್ಥವಲ್ಲ. ಆದರೆ ಫೋಟೊಗಾಗಿ ಆಹಾರ ಕಟ್ಟಿ ಕಾಡುಪ್ರಾಣಿಯನ್ನು ಕರೆಸುವುದು ನಿರಪಾಯದ ಹವ್ಯಾಸ ಎಂದುಕೊಳ್ಳಬೇಡಿ. ಆಗುಂಬೆ ಘಾಟಿಯಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಚಿಪ್ಸ್ ಎಸೆಯುವವರಿಗೂ ಈ ಮಾತು. ತಿಂಡಿಗಾಗಿ ರಸ್ತೆಗೆ ಇಳಿದ ಮಂಗಗಳು ವಾಹನದ ಚಕ್ರಕ್ಕೂ ಸಿಗುತ್ತವೆ.

ಫೋಟೊ ತೆಗೆಯುವುದು ಹೇಗೆ?

ಧಾರಾಳವಾಗಿ ತೆಗೆಯಿರಿ. ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದ ಪೂರ್ಣಚಂದ್ರ ತೇಜಸ್ವಿಯವರು ಇದೇ ಮಲೆನಾಡಿನವರು. ಕೆಲವು ಸರಳ ನಿಯಮಗಳು ಇಷ್ಟೇ:

• ನೀವು ಹತ್ತಿರ ಹೋಗುವ ಬದಲು ಜೂಮ್ ಬಳಸಿ. ಕಿಟಕಿಯ ಒಳಗಿನಿಂದ ತೆಗೆದರೆ ಇನ್ನೂ ಒಳ್ಳೆಯದು.
• ರಾತ್ರಿ ಬರುವ ಪುನುಗಿನ ಬೆಕ್ಕು, ಕಾಡುಪಾಪದ ಕಣ್ಣಿಗೆ ಫ್ಲ್ಯಾಶ್, ಟಾರ್ಚ್ ಹಾಕಬೇಡಿ.
• ಗೂಡಿನ ಫೋಟೊಗಾಗಿ ಎಲೆ, ರೆಂಬೆ ಸರಿಸಬೇಡಿ. ಮರೆ ಹೋದರೆ ಮರಿಗಳು ಕಾಗೆ, ಗಿಡುಗಕ್ಕೆ ಕಾಣುತ್ತವೆ.
• ಹಕ್ಕಿಯನ್ನು ಕರೆಯಲು ಮೊಬೈಲ್‌ನಲ್ಲಿ ಅದರ ಕೂಗು ಹಾಕಬೇಡಿ. ಎದುರಾಳಿ ಬಂದಿದೆಯೆಂದು ಅದು ಗಾಬರಿಯಾಗುತ್ತದೆ.
• ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ. ಅಪರೂಪದ ಪ್ರಾಣಿಯ ಫೋಟೊ ಹಾಕುವಾಗ ಜಾಗದ ಹೆಸರು ಬರೆಯಬೇಡಿ. ಅದನ್ನು ಕಳ್ಳಬೇಟೆಯವರೂ ಓದುತ್ತಾರೆ.

ಪ್ರಾಣಿಗಳಿಗೆ ಒಳ್ಳೆಯದು ಮಾಡಲೇಬೇಕು ಎನಿಸಿದರೆ?

ಮನೆಯಿಂದ ದೂರ, ಬೆಟ್ಟದ ಅಂಚಿನಲ್ಲಿ ಅತ್ತಿ, ಗೋಳಿ, ನೇರಳೆ, ಹೆಬ್ಬಲಸು, ಮುರುಗಲಿನ ಗಿಡ ನೆಡಿ. ಒಂದು ಗೋಳಿ ಮರ ಮಂಗನಿಗೂ ಮಂಗಟ್ಟೆ ಹಕ್ಕಿಗೂ ಹಲವು ತಲೆಮಾರು ಊಟ ಹಾಕುತ್ತದೆ, ಅದೂ ಮನುಷ್ಯರ ಕೈ ನೋಡುವ ಅಭ್ಯಾಸ ಕಲಿಸದೆ. ಮನೆಯ ಮುಸುರೆ, ಕಸವನ್ನು ಮುಚ್ಚಿಡಿ. ಹಕ್ಕಿಗೆ ನೀರಿಡುವುದಾದರೆ ಅಗಲವಾದ ಪಾತ್ರೆಯಲ್ಲಿ ಸ್ವಲ್ಪವೇ ಇಟ್ಟು ದಿನವೂ ತೊಳೆಯಿರಿ.

ಬೇಸಿಗೆಯಲ್ಲಿ ದರಗು, ಸೊಪ್ಪು, ಕಟ್ಟಿಗೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿಕೊಂಡು, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ತೊಳೆಯಲು ಹಾಕಿ. ಜ್ವರ ಬಂದರೆ ಮಾತ್ರೆ ನುಂಗಿ ಕಾಯಬೇಡಿ. ಕಾಡಿಗೆ ಹೋಗಿದ್ದನ್ನು, ಹತ್ತಿರದಲ್ಲಿ ಮಂಗ ಸತ್ತಿದ್ದನ್ನು ವೈದ್ಯರಿಗೆ ಹೇಳಿ.

ಮುಂದಿನ ಸಲ "ಮಂಗಗಳಿಗೆ ಹಣ್ಣಿಡಿ, ಹತ್ತು ಜನರಿಗೆ ಕಳಿಸಿ" ಎಂದು ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ಕಳಿಸಿದವರು ನಿಮ್ಮ ಅತ್ತೆಯೋ ಚಿಕ್ಕಪ್ಪನೋ ಆಗಿರಬಹುದು, ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಬೈಯಬೇಡಿ. ಹತ್ತು ಜನರಿಗೆ ಕಳಿಸಲೇಬೇಕೆಂದರೆ ಇದನ್ನು ಕಳಿಸಿ: "ಮಂಗ ಬಂದರೆ ದೂರದಿಂದ ನೋಡಿ, ತಿನ್ನಲು ಕೊಡಬೇಡಿ. ಮಂಗ ಸತ್ತಿದ್ದರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ."