ಬ್ಯಾಂಕುಗಳ ಹೆಸರಿನಲ್ಲಿ ಬರುವ ನಕಲಿ ಇ-ಮೇಲ್‌ಗಳನ್ನು ಗುರುತಿಸುವ ಬಗೆ

ಬ್ಯಾಂಕಿನ ಹೆಸರು ಹಾಗೂ ಲಾಂಛನವನ್ನು ಅನುಕರಿಸಿ, ಗ್ರಾಹಕರ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ, ಪಿನ್ ಮತ್ತು ಒ.ಟಿ.ಪಿ.ಗಳನ್ನು ಅಪಹರಿಸಲು ಕಳುಹಿಸುವ ಇ-ಮೇಲ್ ವಂಚನೆಗೆ ‘ಫಿಶಿಂಗ್’ ಎಂದು ಹೆಸರು. ಲಾಂಛನವನ್ನು ಯಾರು ಬೇಕಾದರೂ ನಕಲು ಮಾಡಬಹುದಾದ್ದರಿಂದ, ಪತ್ರದ ನೋಟವನ್ನು ನಂಬದೆ ಅದರಲ್ಲಿರುವ ವಿಳಾಸವನ್ನು ಪರಿಶೀಲಿಸುವುದು ಅಗತ್ಯ.

ನಕಲಿ ಇ-ಮೇಲ್‌ನ ಲಕ್ಷಣಗಳು

1. ಅವಸರ ಮತ್ತು ಭೀತಿ: ಕೆ.ವೈ.ಸಿ. ನವೀಕರಿಸದಿದ್ದಲ್ಲಿ 24 ಗಂಟೆಗಳೊಳಗೆ ಖಾತೆ ಸ್ಥಗಿತಗೊಳ್ಳುವುದೆಂಬ ಬೆದರಿಕೆ.

2. ಗೌಪ್ಯ ಮಾಹಿತಿಯ ಕೋರಿಕೆ: ಪಾಸ್‌ವರ್ಡ್, ಪಿನ್ ಅಥವಾ ಒ.ಟಿ.ಪಿ.ಯನ್ನು ಬ್ಯಾಂಕುಗಳು ಇ-ಮೇಲ್ ಮೂಲಕ ಕೇಳುವುದಿಲ್ಲ.

3. ಕಳುಹಿಸಿದವರ ವಿಳಾಸ: ಹೆಸರಿನ ಜಾಗದಲ್ಲಿ ಬ್ಯಾಂಕಿನ ಹೆಸರಿದ್ದರೂ, ಅದರ ಹಿಂದಿನ ಇ-ಮೇಲ್ ವಿಳಾಸ ಬೇರೆಯದೇ ಆಗಿರುತ್ತದೆ. ಕೆಲವೊಮ್ಮೆ ವಿಳಾಸವನ್ನೂ ನಕಲು ಮಾಡುವುದುಂಟು. ಆದ್ದರಿಂದ ವಿಳಾಸ ಸರಿಯಿದ್ದ ಮಾತ್ರಕ್ಕೆ ಪತ್ರ ಅಸಲಿಯೆಂದು ಭಾವಿಸಕೂಡದು.

4. ಕೊಂಡಿ: ಜಾಲತಾಣದ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಗಿಂತ ಮುಂಚೆ ಬರುವ ಕೊನೆಯ ಭಾಗವೇ ತಾಣದ ನಿಜವಾದ ಒಡೆತನವನ್ನು ಸೂಚಿಸುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು, ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ವರ್ಗಾಯಿಸುವಂತೆ ಸೂಚಿಸಿತ್ತು. ಈ ಪದಗಳು ವಿಳಾಸದ ನಡುವೆ ಇದ್ದು, ಕೊನೆಯಲ್ಲಿ ‘ಡಾಟ್ ಕಾಮ್’ ಮುಂತಾದುದು ಬಂದಲ್ಲಿ ಅದು ಈ ವರ್ಗಕ್ಕೆ ಸೇರಿದ ತಾಣವಲ್ಲ. ಬೀಗದ ಚಿಹ್ನೆಯು ಸಂಪರ್ಕ ಗೂಢಲಿಪಿಯಲ್ಲಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ತಾಣದ ಪ್ರಾಮಾಣಿಕತೆಗೆ ಅದು ಖಾತರಿಯಲ್ಲ.

ವಹಿಸಬೇಕಾದ ಎಚ್ಚರಿಕೆ

ಇ-ಮೇಲ್‌ನಲ್ಲಿರುವ ಕೊಂಡಿಯನ್ನು ಒತ್ತದೆ, ಲಗತ್ತನ್ನು ತೆರೆಯದೆ, ಬ್ಯಾಂಕಿನ ವಿಳಾಸವನ್ನು ತಾವೇ ಬೆರಳಚ್ಚಿಸಿ ಪ್ರವೇಶಿಸತಕ್ಕದ್ದು. ಸಂದೇಹವಿದ್ದಲ್ಲಿ ಪಾಸ್‌ಪುಸ್ತಕದಲ್ಲಿ ಅಥವಾ ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾಗಿರುವ ದೂರವಾಣಿ ಸಂಖ್ಯೆಯನ್ನು ಸಂಪರ್ಕಿಸುವುದು.

ವಂಚನೆಗೆ ಒಳಗಾದಲ್ಲಿ

ಕೂಡಲೇ ಬ್ಯಾಂಕಿಗೆ ತಿಳಿಸಿ ಖಾತೆ ಹಾಗೂ ಕಾರ್ಡನ್ನು ತಡೆಹಿಡಿಸಬೇಕು. ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣವು ವಂಚಕರ ಖಾತೆಯಿಂದ ಮುಂದಕ್ಕೆ ಸಾಗುವ ಮುನ್ನ ತಡೆಯಲು ಪ್ರತಿ ನಿಮಿಷವೂ ಮುಖ್ಯ. ಮೂಲ ಇ-ಮೇಲ್ ಅನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಿಕೊಳ್ಳುವುದು.

ಗ್ರಾಹಕರು ತಾವೇ ಗೌಪ್ಯ ಮಾಹಿತಿ ನೀಡಿ ನಷ್ಟ ಹೊಂದಿದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ಸ್ಪಷ್ಟಪಡಿಸಿತು. ಆದ್ದರಿಂದ ಸಂಕೋಚದಿಂದ ವಿಳಂಬ ಮಾಡುವುದು ನಷ್ಟವನ್ನು ಹೆಚ್ಚಿಸುತ್ತದೆ.

ಕಂಪ್ಯೂಟರ್ ಸಂಪನ್ಮೂಲ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಡಿ ಅನ್ವಯ 3 ವರ್ಷಗಳವರೆಗಿನ ಕಾರಾವಾಸ ಮತ್ತು 1 ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧವಾಗಿದೆ.