ಬಲ್ಮಠದ ದೈವಜ್ಞಾನ ಶಾಲೆಯೂ ಕನ್ನಡ ಸಭಾಪಾಲಕರ ಶಿಕ್ಷಣವೂ

ಕ್ರೈಸ್ತಸಭೆಯು ಒಂದು ನಾಡಿನಲ್ಲಿ ಬೇರೂರಿತೆಂದು ನಿರ್ಣಯಿಸುವಾಗ, ಎಷ್ಟು ದೇವಾಲಯಗಳು ಎದ್ದುವು, ಎಷ್ಟು ಮಂದಿ ದೀಕ್ಷಾಸ್ನಾನ ಹೊಂದಿದರು ಎಂಬ ಗಣನೆಗಿಂತಲೂ, ಆ ನಾಡಿನ ನುಡಿಯಲ್ಲಿಯೇ ಬೋಧಿಸುತ್ತ, ಜನರ ಸುಖದುಃಖಗಳಲ್ಲಿ ಭಾಗಿಗಳಾಗುತ್ತ, ಜೀವಮಾನ ಪರ್ಯಂತ ಸಭೆಯ ಹೊಣೆಯನ್ನು ಹೊರಬಲ್ಲ ಸ್ವದೇಶೀಯ ಪಾಲಕರು ಅಲ್ಲಿ ಸಿದ್ಧರಾದರೇ ಎಂಬ ವಿಚಾರವೇ ಪ್ರಧಾನವಾದುದು. ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ 1847ರಲ್ಲಿ ಸ್ಥಾಪಿತವಾದ ದೈವಜ್ಞಾನ ಶಾಲೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿದ್ಯೆ, ಜೀವನಾಧಾರ, ಅಧಿಕಾರ ಎಂಬ ಮೂರೂ ಒಟ್ಟುಗೂಡಿದಲ್ಲದೆ ಪಾಲಕನ ಸೇವೆ ಚಿರಸ್ಥಾಯಿಯಾಗದೆಂಬ ತತ್ತ್ವವು ಈ ಚರಿತ್ರೆಯಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ.

ಈ ಶಾಲೆಯ ಮೂಲವನ್ನು ಅರಸುತ್ತ ಹೋದರೆ ನಾವು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ಸೇರುತ್ತೇವೆ. ಅಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಸಂಸ್ಥೆಯು ಮರುವರ್ಷವೇ ಒಂದು ಶಿಕ್ಷಣಾಲಯವನ್ನು ತೆರೆದು, ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥದ ಪ್ರಭಾವದಲ್ಲಿ ಬೆಳೆದ ರೈತರ ಹಾಗೂ ಕುಶಲಕರ್ಮಿಗಳ ಮಕ್ಕಳನ್ನು ಆರಿಸಿಕೊಂಡು, ಅವರಿಗೆ ವೇದಾಧ್ಯಯನದೊಡನೆ ಕೈಕಸುಬಿನ ಶಿಸ್ತನ್ನೂ ಕಲಿಸಿತು. 1833ರ ಸನ್ನದು ಶಾಸನದಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಈಸ್ಟ್ ಇಂಡಿಯಾ ಕಂಪೆನಿಯ ಸೀಮೆಯ ಬಾಗಿಲು ತೆರೆಯಲಾಗಿ, 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ತಮ್ಮ ಕಾರ್ಯವನ್ನು ಆರಂಭಿಸಿದರು.

ಇವರ ಬೆನ್ನಿಗೆ 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗರು ಈ ಶಿಕ್ಷಣಕ್ರಮದ ನಿಜವಾದ ಶಿಲ್ಪಿ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಈ ಮಹನೀಯರು, ಉಪದೇಶಿಯಾಗುವವನು ತನ್ನ ಜನರಿಂದ ಬೇರ್ಪಟ್ಟು ವಿದೇಶೀಯನಂತೆ ಮಾತನಾಡಕೂಡದೆಂದು ಬಗೆದು, ದೇಶಭಾಷೆಯನ್ನೇ ಶಿಕ್ಷಣದ ಆಧಾರವನ್ನಾಗಿ ಮಾಡಿಕೊಂಡರು. ಅವರೂ ಅವರ ಸಹೋದ್ಯೋಗಿ ವೈಗ್ಲೆಯವರೂ ಕೂಡಿ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದ ಕಾರ್ಯವನ್ನು ಸಾಹಿತ್ಯಚರಿತ್ರಕಾರರು ಯಥೋಚಿತವಾಗಿ ಶ್ಲಾಘಿಸಿರುವರು. ಆದರೆ ಬಲ್ಮಠದ ಶಾಲೆಯೂ ಈ ಮಾಲೆಯೂ ಒಂದೇ ಕಾಲದ, ಒಂದೇ ಕೈಗಳ ಕೆಲಸವೆಂಬುದನ್ನು ಮರೆಯಬಾರದು. ಲಕ್ಷ್ಮೀಶನನ್ನೂ ದಾಸರನ್ನೂ ಆದರಿಸಿ ಓದಿದ ಗುರುಗಳ ಪರಿಸರದಲ್ಲಿಯೇ ಕನ್ನಡದ ಮೊದಲ ಉಪದೇಶಿಗಳು ಬೆಳೆದರು.

ಈ ಪ್ರಯತ್ನದ ಪ್ರಥಮ ಫಲವೆಂದು ಹೇಳಬಹುದಾದವರು ಹೆರ್ಮನ್ ಆನಂದರಾವ್ ಕೌಂಡಿನ್ಯರು. ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಜನಿಸಿ, 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಮೋಗ್ಲಿಂಗರೊಡನೆ ಬಾಸೆಲಿಗೆ ತೆರಳಿ, ಅಲ್ಲಿನ ಪೂರ್ಣ ಶಿಕ್ಷಣವನ್ನು ಮುಗಿಸಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದ ಅವರು, ಬಲ್ಮಠದಲ್ಲಿ ಅಧ್ಯಾಪಕರಾಗಿ ನಿಂತರು. ತಮ್ಮವನೇ ಒಬ್ಬನು ಗುರುಪೀಠದಲ್ಲಿರುವುದನ್ನು ಕಂಡ ವಿದ್ಯಾರ್ಥಿಗೆ ತನ್ನ ಭವಿಷ್ಯತ್ತಿನ ಬಗೆಗೆ ಎಂತಹ ಧೈರ್ಯ ಹುಟ್ಟಿರಬೇಕೆಂಬುದು ಊಹೆಗೆ ನಿಲುಕದ ಸಂಗತಿಯಲ್ಲ.

ವಿದ್ಯೆಯ ವಿಷಯದಲ್ಲಿ ಶಾಲೆಯು ಸಾಧಿಸಿದುದು ದೊಡ್ಡದು. ಜೀವನಾಧಾರದ ಪ್ರಶ್ನೆ ಮಾತ್ರ ಸುಲಭವಾಗಿ ಬಗೆಹರಿಯುವಂತಹುದಾಗಿರಲಿಲ್ಲ. ಜಾತಿಯಿಂದ ಹೊರಗಾಗಿ, ಕುಲಕಸುಬನ್ನೂ ಹೊಲಮನೆಯನ್ನೂ ಕಳೆದುಕೊಂಡು ಬಂದ ಸಭಿಕರಿಗೆ ಮೊದಲು ಉದ್ಯೋಗವನ್ನು ಕಲ್ಪಿಸಬೇಕಾಯಿತು; ನೇಯ್ಗೆಯ ಶಾಲೆಗಳೂ, 1865ರಲ್ಲಿ ಮಿಷನಿನ ಪ್ಲೆಬ್ಸ್ಟರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯೂ ಈ ಅಗತ್ಯದಿಂದಲೇ ಹುಟ್ಟಿದುವು. ಇಂತಹ ಬಡ ಸಭೆಯು ತನ್ನ ಪಾಲಕನನ್ನು ತಾನೇ ಪೋಷಿಸುವ ಶಕ್ತಿಯನ್ನು ಶೀಘ್ರದಲ್ಲಿ ಪಡೆಯಲಾರದಾದುದರಿಂದ, ಉಪದೇಶಿಯ ವೇತನವು ಮಿಷನಿನ ಬೊಕ್ಕಸದಿಂದಲೇ ಬರುವಂತಾಯಿತು. ಅನ್ನವೆಲ್ಲಿಂದಲೋ ಆಜ್ಞೆಯೂ ಅಲ್ಲಿಂದಲೇ ಎಂಬ ಲೋಕನ್ಯಾಯಕ್ಕೆ ದೇವರ ಸೇವೆಯೂ ಹೊರತಾಗಲಿಲ್ಲ. ಸಂಸ್ಥೆಯ ಮುಖ್ಯಾಧಿಕಾರಿಗಳಾಗಿದ್ದ ಜೋಸೆನ್‌ಹಾನ್ಸರು 1851–52ರಲ್ಲಿ ಈ ದೇಶದಲ್ಲಿ ಸಂಚರಿಸಿ ಕಾರ್ಯಗಳನ್ನು ಪರಿಶೀಲಿಸಿದರು. ಸಭೆಗಳಲ್ಲಿ ಹಿರಿಯರ ಮಂಡಲಿಯಂತಹ ಸತ್ಸಂಪ್ರದಾಯಗಳೂ ಬೆಳೆದುವು. ಆದರೂ ಅಂತಿಮ ನಿರ್ಣಯದ ಅಧಿಕಾರವು ಬಾಸೆಲಿನ ಸಮಿತಿಯಲ್ಲಿಯೇ ಉಳಿಯಿತು.

ಈ ವ್ಯವಸ್ಥೆಯ ಬಲಾಬಲಗಳು 1914ರ ಮಹಾಯುದ್ಧದಲ್ಲಿ ಪರೀಕ್ಷೆಗೊಳಗಾದುವು. ಜರ್ಮನ್ ಮಿಷನರಿಗಳು ಬಂಧನಕ್ಕೆ ಸಿಕ್ಕಿ, ಅನಂತರ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳು ಅನ್ಯರ ಕೈಸೇರಿದುವು. ಆ ಕಷ್ಟಕಾಲದಲ್ಲಿ ಆರಾಧನೆಯನ್ನು ನಡೆಸುವ, ರೋಗಿಗಳನ್ನು ಸಂದರ್ಶಿಸುವ, ಮೃತರನ್ನು ಸಂಸ್ಕರಿಸುವ ನಿತ್ಯದ ಭಾರದ ಬಹುಪಾಲು ಸ್ವದೇಶೀಯ ಪಾಲಕರ ಮೇಲೆಯೇ ಬಿದ್ದಿತು. ಅವರು ಆ ಭಾರವನ್ನು ಹೊತ್ತರು. ಹೊರಬಲ್ಲವರಿಗೆ ಹೊಣೆಯನ್ನು ಸಕಾಲದಲ್ಲಿ ಒಪ್ಪಿಸದೆ ವಿಪತ್ತು ಬರುವವರೆಗೆ ಕಾದುದು ಆ ಸಂಸ್ಥೆಯ ನ್ಯೂನತೆ. ವಿಪತ್ತು ಬಂದಾಗ ಹೊರಬಲ್ಲವರು ಇದ್ದರೆಂಬುದು ಬಲ್ಮಠದ ಶಾಲೆಯ ಕೀರ್ತಿ.

ಆ ಕೀರ್ತಿಗೆ ಉತ್ತಂಗಿ ಚನ್ನಪ್ಪನವರೇ ಪ್ರಬಲ ಸಾಕ್ಷಿ. 1881ರಲ್ಲಿ ಜನಿಸಿ, ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ಕಲಿತು, ಉತ್ತರ ಕರ್ನಾಟಕದಲ್ಲಿ ಸೇವೆ ಸಲ್ಲಿಸುತ್ತಲೇ ಊರೂರು ಸಂಚರಿಸಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ, 1924ರಲ್ಲಿ ಅವುಗಳನ್ನು ಪ್ರಕಟಿಸಿದ ಅವರನ್ನು, 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನವು ಅಧ್ಯಕ್ಷಪದವಿಗೆ ಆರಿಸಿ ಗೌರವಿಸಿತು. ಶರಣರ ಅನುಭಾವವನ್ನು ಶ್ರದ್ಧೆಯಿಂದ ಅಭ್ಯಸಿಸಿಯೂ ತಮ್ಮ ಕ್ರಿಸ್ತಭಕ್ತಿಯಲ್ಲಿ ಅಚಲರಾಗಿದ್ದ ಅವರ ಜೀವನದಿಂದ, ಪಾಲಕನ ಅಧ್ಯಯನವು ದೀಕ್ಷೆಯ ದಿನಕ್ಕೆ ಮುಗಿಯತಕ್ಕುದಲ್ಲವೆಂಬುದು ನಿಸ್ಸಂದೇಹವಾಗಿ ಸಿದ್ಧವಾಗುತ್ತದೆ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ರೂಪುಗೊಂಡ ಬಳಿಕ, ಕ್ರಮೇಣ ಪಾಲಕರ ನಿಯುಕ್ತಿಯೂ ಪೋಷಣೆಯೂ ಈ ನಾಡಿನ ಸಭೆಗಳದೇ ಹೊಣೆಯಾಯಿತು. 1965ರಲ್ಲಿ ತುಮಕೂರಿನ ಕನ್ನಡ ಸೆಮಿನರಿಯೂ ಬಲ್ಮಠದ ಶಾಲೆಯೂ ಕೂಡಿ ಕರ್ನಾಟಕ ದೈವಜ್ಞಾನ ಕಾಲೇಜಾದುವು. ಅಧಿಕಾರವು ಹೀಗೆ ಸ್ವಾಧೀನವಾದ ಮೇಲೆ, ಹಳ್ಳಿಯ ಸಭೆಯಲ್ಲಿ ಏಕಾಕಿಯಾಗಿ ದುಡಿಯುವ ಪಾಲಕನಿಗೆ ಗ್ರಂಥಗಳನ್ನೂ, ಆಗಾಗ ಪುನರಧ್ಯಯನಕ್ಕೆ ಅವಕಾಶವನ್ನೂ, ಕುಟುಂಬಕ್ಕೆ ಸಾಲುವಷ್ಟು ವೇತನವನ್ನೂ, ಮನಸ್ಸು ಬಳಲಿದಾಗ ಹಿರಿಯ ಸೇವಕರ ಸಾಂಗತ್ಯವನ್ನೂ ಒದಗಿಸುವುದು ಸಭೆಯ ಕರ್ತವ್ಯವೇ ಹೊರತು ಕೃಪೆಯಲ್ಲ. ಮೋಗ್ಲಿಂಗರ ಕಾಲದಲ್ಲಿ ಈ ಕರ್ತವ್ಯವನ್ನು ದೂರದ ಬಾಸೆಲ್ ತನ್ನ ಶಕ್ತ್ಯನುಸಾರ ನಡೆಸಿತು. ಇಂದು ಅದನ್ನು ನಡೆಸಬೇಕಾದವರು ಪ್ರತಿ ಆದಿತ್ಯವಾರ ಆ ಪಾಲಕನ ಬೋಧೆಯನ್ನು ಕೇಳುವ ಸಭಿಕರೇ.